ರಾಜ್ಯದ ಗಡಿಯಾಚೆಯ ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡ್ ಬಳಸುವುದು ಹೇಗೆ? ಹಂತಹಂತವಾದ ಸಮಗ್ರ ಮಾರ್ಗದರ್ಶಿ

ಕಾಗವಾಡದವರಿಗೆ ಮಿರಜ ಹತ್ತಿರ, ಬೀದರಿನವರಿಗೆ ಹೈದರಾಬಾದ್ ಹತ್ತಿರ, ಮಂಜೇಶ್ವರದವರಿಗೆ ಮಂಗಳೂರು ಹತ್ತಿರ. ಕಾಯಿಲೆ ಬಿದ್ದಾಗ ಯಾರೂ ರಾಜ್ಯದ ನಕಾಶೆ ನೋಡಿ ಆಸ್ಪತ್ರೆ ಆರಿಸುವುದಿಲ್ಲ. ಆದರೆ ಕಾರ್ಡ್ ಹಿಡಿದುಕೊಂಡು ಗಡಿ ದಾಟಿದವರಲ್ಲಿ ಅನೇಕರು ಕೊನೆಗೆ ಸಾಲ ಮಾಡಿ ಬಿಲ್ಲು ಕಟ್ಟಿ ಬರುತ್ತಾರೆ. ಹಾಗೆ ಬಂದವರ ಕಾಗದಪತ್ರಗಳನ್ನು ತಿರುವಿ ನೋಡಿದಾಗ ನನಗೆ ಕಂಡದ್ದೇನೆಂದರೆ, ಹೆಚ್ಚಿನವರ ಕಾರ್ಡಿನಲ್ಲಿ ಯಾವ ದೋಷವೂ ಇರುವುದಿಲ್ಲ; ಮೊದಲು ಮಾಡಬೇಕಾದುದನ್ನು ಆಮೇಲೆ ಮಾಡಿರುತ್ತಾರೆ, ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲಿಯೇ ಅನುಸರಿಸಬೇಕು.

## ಹೊರಡುವ ಮೊದಲು ತಿಳಿದಿರಬೇಕಾದ ವಿಷಯ

ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ (ಪಿಎಂಜೆಎವೈ) ಅರ್ಹ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ನಗದಿಲ್ಲದೆ ದೊರೆಯುತ್ತದೆ. ಯೋಜನೆಗೆ ನೋಂದಾಯಿಸಿಕೊಂಡ ಆಸ್ಪತ್ರೆ ಬೇರೆ ರಾಜ್ಯದಲ್ಲಿದ್ದರೂ ಈ ಸೌಲಭ್ಯ ನಡೆಯುತ್ತದೆ. ಇದನ್ನೇ ಪೋರ್ಟಬಿಲಿಟಿ ಎನ್ನುತ್ತಾರೆ.

ಕಾರ್ಡ್ ಗಡಿ ದಾಟಿದರೂ ಅನುಮತಿ ಕೊಡುವ ಅಧಿಕಾರವೂ ಹಣ ಕೊಡುವ ಹೊಣೆಯೂ ನಿಮ್ಮ ತವರು ರಾಜ್ಯದಲ್ಲಿಯೇ ಉಳಿಯುತ್ತವೆ. ಕರ್ನಾಟಕದವರಿಗೆ ಅದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಕೇರಳದವರಿಗೆ ಅಲ್ಲಿನ ರಾಜ್ಯ ಆರೋಗ್ಯ ಏಜೆನ್ಸಿ. ರೋಗಿ ಮಿರಜದ ಹಾಸಿಗೆಯ ಮೇಲೆ ಮಲಗಿದ್ದರೂ ಅವನ ಕಡತ ಕರ್ನಾಟಕದ ಪರಿಶೀಲಕರ ಮುಂದೆ ಬರುತ್ತದೆ. ಆಸ್ಪತ್ರೆಯ ಬಿಲ್ಲು ಪಾವತಿಗೆ ರಾಜ್ಯದೊಳಗಿನ ಪ್ರಕರಣಗಳಲ್ಲಿ 15 ದಿನಗಳ ಗಡುವಿದ್ದರೆ, ಹೊರರಾಜ್ಯದ ಪ್ರಕರಣಗಳಲ್ಲಿ 30 ದಿನಗಳ ಗಡುವಿದೆ. ವಾಸ್ತವದಲ್ಲಿ ಹಣ ಇನ್ನೂ ತಡವಾಗಿ ಬರುತ್ತದೆ ಎಂಬುದು ಖಾಸಗಿ ಆಸ್ಪತ್ರೆಗಳ ಹಳೆಯ ದೂರು. ಕೌಂಟರಿನಲ್ಲಿ ‘ನಿಮ್ಮ ರಾಜ್ಯದ ಕಾರ್ಡ್ ಇಲ್ಲಿ ನಡೆಯುವುದಿಲ್ಲ’ ಎಂಬ ಮಾತು ಬಂದರೆ, ಅದರ ಹಿಂದೆ ನಿಯಮಕ್ಕಿಂತ ಈ ಹಿಂಜರಿಕೆ ಇರುವ ಸಾಧ್ಯತೆಯೇ ಹೆಚ್ಚು ಎಂದು ನನ್ನ ಅನಿಸಿಕೆ.

## ಹಂತ 1: ಕೈಯಲ್ಲಿರುವುದು ಯಾವ ಕಾರ್ಡ್ ಎಂದು ಗುರುತಿಸಿರಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. 14 ಅಂಕಿಗಳ ಆಭಾ ಸಂಖ್ಯೆಯಿರುವ ಕಾರ್ಡನ್ನು ಹಿಡಿದುಕೊಂಡು ‘ಆಯುಷ್ಮಾನ್ ಕಾರ್ಡ್ ಇದೆ’ ಎಂದು ಹೊರಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅದರ ಮೇಲೆಯೂ ಆಯುಷ್ಮಾನ್ ಭಾರತ್ ಎಂಬ ಹೆಸರೇ ಇರುವುದರಿಂದ ಅವರನ್ನು ದೂರುವಂತಿಲ್ಲ. ಆದರೆ ಆಭಾ ಎಂಬುದು ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತಿನ ಸಂಖ್ಯೆಯೇ ಹೊರತು ವಿಮೆಯಲ್ಲ. ಅದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು, ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ನಿಮಗೆ ಬೇಕಾದುದು ಪಿಎಂಜೆಎವೈ ಗುರುತಿನ ಸಂಖ್ಯೆಯಿರುವ ಕಾರ್ಡ್. ಸಹಕಾರ ಸಂಘದ ಸದಸ್ಯರಿಗೆ ಕೊಡುವ ಯಶಸ್ವಿನಿ ಕಾರ್ಡ್ ಕೂಡ ಬೇರೆ ಯೋಜನೆಯದು.

ಕರ್ನಾಟಕದಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಇಲ್ಲಿ ಕೇಂದ್ರದ ಯೋಜನೆಯೂ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೂ 2018ರಲ್ಲಿ ಒಂದಾದವು. ಬಿಪಿಎಲ್ ಕುಟುಂಬಗಳಿಗೆ 5 ಲಕ್ಷ ರೂಪಾಯಿಯ ಪೂರ್ಣ ಸೌಲಭ್ಯವಿದ್ದರೆ, ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಒಟ್ಟು ದರ) ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ರಾಜ್ಯ ಸರ್ಕಾರ ಭರಿಸುತ್ತದೆ. ಈ ಎರಡನೆಯದು ರಾಜ್ಯ ತಾನಾಗಿ ಸೇರಿಸಿಕೊಂಡ ಸೌಲಭ್ಯ. ಎಪಿಎಲ್ ಕುಟುಂಬದವರು ಅದನ್ನು ನಂಬಿಕೊಂಡು ಸೊಲ್ಲಾಪುರದಲ್ಲಿಯೋ ಹೈದರಾಬಾದಿನಲ್ಲಿಯೋ ದಾಖಲಾಗಬಾರದು.

ಪರೀಕ್ಷಿಸುವ ವಿಧಾನ ಸರಳವಾಗಿದೆ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ‘ಆಯುಷ್ಮಾನ್’ ಆ್ಯಪ್ ತೆರೆದು, ಫಲಾನುಭವಿ ಎಂಬುದನ್ನು ಆರಿಸಿ, ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಹಾಕಿ ಒಳಗೆ ಹೋಗಿರಿ. ರಾಜ್ಯ, ಯೋಜನೆ, ಜಿಲ್ಲೆಗಳನ್ನು ಆರಿಸಿ ಆಧಾರ್ ಸಂಖ್ಯೆಯಿಂದ ಹುಡುಕಿದರೆ ಕುಟುಂಬದ ಎಲ್ಲರ ಹೆಸರುಗಳೂ, ಪ್ರತಿಯೊಬ್ಬರ ಕಾರ್ಡಿನ ಸ್ಥಿತಿಯೂ ಕಾಣಿಸುತ್ತವೆ. ಇಲ್ಲಿ ರಾಜ್ಯ ಎಂದರೆ ನಿಮ್ಮ ತವರು ರಾಜ್ಯ. ಆಸ್ಪತ್ರೆಯಿರುವ ರಾಜ್ಯವನ್ನು ಆರಿಸಿ ‘ಹೆಸರೇ ಇಲ್ಲ’ ಎಂದು ಗಾಬರಿಯಾದವರನ್ನು ನೋಡಿದ್ದೇನೆ.

ಎಚ್ಚರಿಕೆಯ ಚಿಹ್ನೆ: ಮನೆಯ ಯಜಮಾನನ ಕಾರ್ಡ್ ಸಿದ್ಧವಾಗಿದ್ದು ರೋಗಿಯ ಹೆಸರಿನ ಮುಂದೆ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಬಾಕಿ ಎಂದಿದ್ದರೆ ರೋಗಿಗೆ ಕಾರ್ಡ್ ಇಲ್ಲವೆಂದೇ ತಿಳಿಯಬೇಕು. ಹಣದ ಮಿತಿ ಕುಟುಂಬಕ್ಕೆ ಒಂದೇ ಆದರೂ ಕಾರ್ಡ್ ಒಬ್ಬೊಬ್ಬರಿಗೂ ಬೇರೆ.

## ಹಂತ 2: ಹೆಸರು, ವಯಸ್ಸು, ಇ-ಕೆವೈಸಿಗಳನ್ನು ಊರಿನಲ್ಲಿಯೇ ಸರಿಪಡಿಸಿಕೊಳ್ಳಿರಿ

ಪಡಿತರ ಚೀಟಿಯಲ್ಲಿ ಬಸಪ್ಪ, ಆಧಾರಿನಲ್ಲಿ ಬಸವರಾಜ ಎಂದಿದ್ದರೆ ಅದನ್ನು ಗಡಿಯಾಚೆಯ ಕೌಂಟರಿನಲ್ಲಿ ವಿವರಿಸಿ ಗೆಲ್ಲುವುದು ಕಷ್ಟ. ಬೆಳಗಾವಿ ಜಿಲ್ಲೆಯ ಪಡಿತರ ಚೀಟಿಯಲ್ಲಿನ ಕನ್ನಡವನ್ನು ಮಿರಜದ ಸಿಬ್ಬಂದಿಯಾಗಲಿ, ಕಾಸರಗೋಡಿನ ಚೀಟಿಯಲ್ಲಿನ ಮಲಯಾಳವನ್ನು ಮಂಗಳೂರಿನ ಸಿಬ್ಬಂದಿಯಾಗಲಿ ಓದಲಾರರು. ಅವರು ನೋಡುವುದು ಆಧಾರಿನಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ. ಆದ್ದರಿಂದ ಆಧಾರ್ ಮತ್ತು ಆಯುಷ್ಮಾನ್ ಕಾರ್ಡುಗಳ ಹೆಸರು, ಹುಟ್ಟಿದ ವರ್ಷ, ಲಿಂಗ ಇವು ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಇ-ಕೆವೈಸಿಯನ್ನು ಆಧಾರ್ ಒಟಿಪಿ, ಬೆರಳಚ್ಚು, ಕಣ್ಣಿನ ಪಾಪೆ ಅಥವಾ ಮುಖ ದೃಢೀಕರಣದ ಮೂಲಕ ಮಾಡಬಹುದು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕಳೆದುಹೋಗಿದ್ದರೆ ಅದನ್ನು ಈಗಲೇ ಬದಲಿಸಿಕೊಳ್ಳಿರಿ. ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಮಾಡಿಸುವ ಕೆಲಸ ಇದಲ್ಲ. ಮದುವೆಯಾಗಿ ಬಂದ ಸೊಸೆ, ಹೊಸದಾಗಿ ಹುಟ್ಟಿದ ಮಗು ಇವರ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಸದಸ್ಯರನ್ನು ಸೇರಿಸುವ ಅವಕಾಶವಿದೆ. ಆದರೆ ಅದಕ್ಕೆ ಅನುಮೋದನೆ ಬೇಕಾಗುವುದರಿಂದ ಹೊರಡುವ ಹಿಂದಿನ ದಿನ ಅರ್ಜಿ ಹಾಕಿ ಫಲ ನಿರೀಕ್ಷಿಸಬಾರದು.

70 ವರ್ಷ ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ದೊರೆಯುವ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್ 29ರಂದು ಆರಂಭವಾಯಿತು. ಅದಕ್ಕೆ ಆಧಾರಿನಲ್ಲಿ ನಮೂದಾದ ವಯಸ್ಸೇ ಪ್ರಮಾಣ. ನಿಮ್ಮ ರಾಜ್ಯದಲ್ಲಿ ಅದು ಜಾರಿಯಲ್ಲಿದೆಯೇ ಎಂದು ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ ಕೇಳಿಕೊಂಡೇ ಮುಂದುವರಿಯಬೇಕು.

## ಹಂತ 3: ಆಸ್ಪತ್ರೆಯನ್ನಷ್ಟೇ ಅಲ್ಲ, ಆ ವಿಭಾಗವನ್ನೂ ಖಚಿತಪಡಿಸಿಕೊಳ್ಳಿರಿ

ಆಸ್ಪತ್ರೆಯ ಬಾಗಿಲಿನಲ್ಲಿ ಸರ್ಕಾರಿ ಯೋಜನೆಯ ಫಲಕ ಕಂಡ ಮಾತ್ರಕ್ಕೆ ನಿಮ್ಮ ಕಾರ್ಡ್ ನಡೆಯುತ್ತದೆ ಎಂದಲ್ಲ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ತೆಲಂಗಾಣದಲ್ಲಿ ಆರೋಗ್ಯಶ್ರೀ, ಗೋವಾದಲ್ಲಿ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಎಂದು ಆಯಾ ರಾಜ್ಯದ ನಿವಾಸಿಗಳಿಗಾಗಿಯೇ ಇರುವ ಯೋಜನೆಗಳಿವೆ. ಒಂದು ಆಸ್ಪತ್ರೆ ಆ ಯೋಜನೆಯಲ್ಲಿದ್ದು ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಇಲ್ಲದಿರಬಹುದು.

ಎರಡನೆಯ ತೊಡಕು ವಿಭಾಗದ್ದು. ಆಸ್ಪತ್ರೆಗಳು ತಮ್ಮ ಎಲ್ಲ ವಿಭಾಗಗಳನ್ನೂ ಯೋಜನೆಗೆ ಸೇರಿಸಿರುವುದಿಲ್ಲ. ಮೂಳೆ ಚಿಕಿತ್ಸೆಗೆ ನೋಂದಣಿಯಾಗಿರುವ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ದುಡ್ಡಿಗೆ ಮಾತ್ರ ಇರಬಹುದು. ಯೋಜನೆಯ ಆಸ್ಪತ್ರೆ ಹುಡುಕಾಟದ ಪುಟದಲ್ಲಿ ರಾಜ್ಯ, ಜಿಲ್ಲೆ, ಚಿಕಿತ್ಸಾ ವಿಭಾಗಗಳನ್ನು ಬೇರೆಬೇರೆಯಾಗಿ ಆರಿಸುವ ಕಲಂಗಳಿವೆ. ಈ ಬಾರಿ ರಾಜ್ಯದ ಕಲಮಿನಲ್ಲಿ ಆಸ್ಪತ್ರೆಯಿರುವ ರಾಜ್ಯವನ್ನೇ ಆರಿಸಿರಿ. ಪಟ್ಟಿಯಲ್ಲಿ ಹೆಸರು ಸಿಕ್ಕ ಮೇಲೆ ಆಸ್ಪತ್ರೆಯ ಸಾಮಾನ್ಯ ಸಂಖ್ಯೆಗೆ ಕರೆ ಮಾಡಿ, ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರ ಅಥವಾ ಆಯುಷ್ಮಾನ್ ಮಿತ್ರರ ಕೌಂಟರಿಗೆ ಜೋಡಿಸುವಂತೆ ಕೇಳಿ, ಈ ಮೂರು ಪ್ರಶ್ನೆಗಳನ್ನು ಹಾಕಬೇಕು: ಈ ಕಾಯಿಲೆಯ ವಿಭಾಗ ಯೋಜನೆಯಲ್ಲಿದೆಯೇ? ಕರ್ನಾಟಕದ ಕಾರ್ಡಿನ ರೋಗಿಗಳನ್ನು ಇತ್ತೀಚೆಗೆ ದಾಖಲಿಸಿಕೊಂಡಿದ್ದೀರಾ? ಹೊರರೋಗಿ ತಪಾಸಣೆಗೆ ಯಾವ ದಿನ ಬರಬೇಕು? ಎರಡನೆಯ ಪ್ರಶ್ನೆಗೆ ತಡವರಿಸುವ ಉತ್ತರ ಬಂದರೆ ಇನ್ನೊಂದು ಆಸ್ಪತ್ರೆಯನ್ನು ನೋಡುವುದು ಒಳ್ಳೆಯದು. ಕರೆ ಸ್ವೀಕರಿಸಿದವರ ಹೆಸರು, ದಿನ, ಹೊತ್ತು ಇವನ್ನು ಬರೆದಿಟ್ಟುಕೊಳ್ಳಿರಿ.

ಕೆಲವು ಚಿಕಿತ್ಸೆಗಳನ್ನು ರಾಜ್ಯಗಳು ಸರ್ಕಾರಿ ಆಸ್ಪತ್ರೆಗಳಿಗಷ್ಟೇ ಮೀಸಲಿಟ್ಟಿರುತ್ತವೆ. ನಿಮ್ಮ ಚಿಕಿತ್ಸೆ ಆ ಪಟ್ಟಿಯಲ್ಲಿದೆಯೇ ಎಂಬುದನ್ನೂ ಇದೇ ಕರೆಯಲ್ಲಿ ಕೇಳಬೇಕು.

## ಹಂತ 4: ಕಡತವನ್ನು ಜೋಡಿಸಿರಿ

ಒಂದೇ ಫೈಲಿನಲ್ಲಿ ಇವಿಷ್ಟೂ ಇರಲಿ: ರೋಗಿಯ ಆಯುಷ್ಮಾನ್ ಕಾರ್ಡ್, ಮೂಲ ಆಧಾರ್, ಪಡಿತರ ಚೀಟಿ, ಇವೆಲ್ಲದರ ಎರಡೆರಡು ಜೆರಾಕ್ಸ್, ಹಿಂದಿನ ಚಿಕಿತ್ಸೆಯ ಡಿಸ್ಚಾರ್ಜ್ ಸಾರಾಂಶಗಳು, ರಕ್ತಪರೀಕ್ಷೆ ಹಾಗೂ ಸ್ಕ್ಯಾನಿಂಗ್ ವರದಿಗಳು. ಸ್ಕ್ಯಾನಿನ ಫಿಲ್ಮ್ ಅಥವಾ ಸಿ.ಡಿ.ಯನ್ನು ಬಿಟ್ಟು ಬರಿಯ ವರದಿಯನ್ನು ಒಯ್ಯಬೇಡಿರಿ. ಅನುಮತಿ ಕೋರುವಾಗ ಚಿತ್ರವನ್ನೇ ಕೇಳುವುದುಂಟು.

ಇದಕ್ಕೆ ಇನ್ನೊಂದು ಕಾಗದವನ್ನು ಸೇರಿಸುವುದು ನನ್ನ ಸಲಹೆ. ಕರ್ನಾಟಕದೊಳಗೆ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ಪಡೆಯುವ ಪದ್ಧತಿಯಿದೆ. ನಿಮ್ಮ ಕಡತವನ್ನು ನೋಡುವವರು ಆ ಪದ್ಧತಿಗೆ ಒಗ್ಗಿದವರು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದ ‘ಈ ಚಿಕಿತ್ಸೆ ಇಲ್ಲಿ ಲಭ್ಯವಿಲ್ಲ’ ಎಂಬ ಪತ್ರವನ್ನು ಪಡೆದು ಹೊರಟರೆ ಆಚೆಯಿಂದ ಬರುವ ಪ್ರಶ್ನೆಗಳು ಕಡಿಮೆಯಾಗುತ್ತವೆ. ಒಂದು ದಿನ ಹೆಚ್ಚು ಹೋದರೂ ನಷ್ಟವಿಲ್ಲ.

## ಹಂತ 5: ದಾಖಲಾಗುವ ಮೊದಲೇ ಮಿತ್ರರ ಕೌಂಟರಿಗೆ ಹೋಗಿರಿ

ಯೋಜನೆ ಹೊರರೋಗಿ ತಪಾಸಣೆಯ ವೆಚ್ಚವನ್ನು ಭರಿಸುವುದಿಲ್ಲ. ಮೊದಲ ದಿನದ ವೈದ್ಯರ ಶುಲ್ಕವನ್ನೂ ಕೆಲವು ಪರೀಕ್ಷೆಗಳ ಹಣವನ್ನೂ ಕೈಯಿಂದ ಕೊಡಬೇಕಾಗುತ್ತದೆ; ಇದನ್ನು ಮೋಸವೆಂದು ತಿಳಿದು ಜಗಳ ತೆಗೆಯಬಾರದು. ಬರಿಯ ಪರೀಕ್ಷೆಗಾಗಿ ದಾಖಲಾಗುವುದು, ಸೌಂದರ್ಯ ಚಿಕಿತ್ಸೆ, ಸಂತಾನಹೀನತೆಯ ಚಿಕಿತ್ಸೆ ಇವೂ ಯೋಜನೆಯ ಹೊರಗಿವೆ. ಆದರೆ ದಾಖಲಾತಿಗೆ ಹಿಂದಿನ 3 ದಿನಗಳ ಪರೀಕ್ಷೆ, ಔಷಧಿಗಳ ವೆಚ್ಚ ಪ್ಯಾಕೇಜಿನಲ್ಲಿ ಸೇರಿದೆ. ಆದ್ದರಿಂದ ಅದೇ ಆಸ್ಪತ್ರೆಯ ಆ ದಿನಗಳ ರಸೀದಿಗಳನ್ನು ಇಟ್ಟುಕೊಂಡು ಕೌಂಟರಿನಲ್ಲಿ ಕೇಳಬೇಕು.

ವೈದ್ಯರು ‘ದಾಖಲಾಗಿರಿ’ ಎಂದು ಬರೆದ ಕ್ಷಣದಿಂದ ಕ್ರಮ ಬಹಳ ಮುಖ್ಯವಾಗುತ್ತದೆ. ಆ ಚೀಟಿಯನ್ನು ಹಿಡಿದು ಬಿಲ್ಲಿಂಗ್ ಕೌಂಟರಿಗೆ ಹೋಗಿ ಮುಂಗಡ ಕಟ್ಟಿದರೆ ಆಸ್ಪತ್ರೆಯ ಲೆಕ್ಕದಲ್ಲಿ ನೀವು ನಗದು ರೋಗಿಯಾಗುತ್ತೀರಿ. ನಡುವೆ ಕಾರ್ಡಿಗೆ ಬದಲಾಯಿಸುವುದು ತೀರಾ ತ್ರಾಸದ ಕೆಲಸ. ಬಿಡುಗಡೆಯಾದ ಮೇಲಂತೂ ಆಗುವುದೇ ಇಲ್ಲ. ಇದು ನಗದುರಹಿತ ಯೋಜನೆಯಾದ್ದರಿಂದ, ಹಣ ಕಟ್ಟಿ ಊರಿಗೆ ಬಂದು ಬಿಲ್ಲು ಕೊಟ್ಟು ಮರಳಿ ಪಡೆಯುವ ದಾರಿಯನ್ನು ನಂಬಿಕೊಳ್ಳಬಾರದು.

ಮಿತ್ರರ ಕೌಂಟರಿನಲ್ಲಿ ಮೊದಲು ಗುರುತಿನ ಪರಿಶೀಲನೆ ನಡೆಯುತ್ತದೆ. ನಮ್ಮ ಕಾಕಾನನ್ನು ಸ್ಟೆಂಟ್ ಹಾಕಿಸಲು ಗಡಿಯಾಚೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಟ್ಟರೂ ಯಂತ್ರ ಒಪ್ಪಲಿಲ್ಲ. ನಲವತ್ತು ವರ್ಷ ಕಬ್ಬು ಕಡಿದು, ರವದಿ ಎಳೆದು ಅವರ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಕೌಂಟರಿನ ಹುಡುಗ ‘ಮ್ಯಾಚ್ ಆಗುತ್ತಿಲ್ಲ, ಸದ್ಯಕ್ಕೆ ನಗದು ಕಟ್ಟಿ’ ಎಂದ. ಮುಖ ದೃಢೀಕರಣ ಮಾಡಬಹುದಲ್ಲ ಎಂದು ಕೇಳಿದ ಮೇಲೆ ಮೊಬೈಲನ್ನು ಎತ್ತಿ ಹಿಡಿದ. ಕಣ್ಣು ಮಿಟುಕಿಸಿರಿ ಎಂದರೆ ಕಾಕಾ ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಇಂಜೆಕ್ಷನ್ನಿಗೆ ಕಾಯುವವರಂತೆ ಕುಳಿತರು. ಮೂರನೆಯ ಸಲಕ್ಕೆ ಆಯಿತು. ಬೆರಳಚ್ಚು ಸೋತಾಗ ಕಣ್ಣಿನ ಪಾಪೆ, ಮುಖ, ಒಟಿಪಿ ಎಂಬ ಬೇರೆ ದಾರಿಗಳಿವೆ ಎಂಬುದನ್ನು ನೀವೇ ನೆನಪಿಸಬೇಕಾಗಬಹುದು.

ಗುರುತು ಖಚಿತವಾದ ಮೇಲೆ ಕುಟುಂಬದ ಖಾತೆಯಲ್ಲಿ ಈ ವರ್ಷಕ್ಕೆ ಎಷ್ಟು ಹಣ ಉಳಿದಿದೆ ಎಂದು ಕೇಳಿರಿ. 5 ಲಕ್ಷ ಇಡೀ ಕುಟುಂಬಕ್ಕೆ ಸೇರಿದ್ದು. ಅಣ್ಣನ ಆಪರೇಷನ್ನಿಗೆ ಖರ್ಚಾದದ್ದು ತಮ್ಮನ ಪಾಲಿನಿಂದಲೂ ಕಳೆಯುತ್ತದೆ.

## ಹಂತ 6: ಪೂರ್ವಾನುಮತಿ ಬರುವವರೆಗೆ ಬೆನ್ನು ಹತ್ತಿರಿ

ಈಗ ಆಸ್ಪತ್ರೆಯವರು ನಿಮ್ಮ ಕಾಯಿಲೆಗೆ ಹೊಂದುವ ಪ್ಯಾಕೇಜನ್ನು ಆರಿಸಿ, ದಾಖಲೆಗಳನ್ನು ಸೇರಿಸಿ, ಪೂರ್ವಾನುಮತಿಗೆ ಕಳುಹಿಸುತ್ತಾರೆ. ಕೌಂಟರಿನವರು ಇದನ್ನು ಪ್ರೀ-ಆಥ್ ಎನ್ನುತ್ತಾರೆ. 2022ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಪಟ್ಟಿಯಲ್ಲಿ 27 ವಿಭಾಗಗಳಡಿ 1,949 ಚಿಕಿತ್ಸೆಗಳಿರುವುದರಿಂದ ಹತ್ತಿರದ ಹೆಸರಿನ ಬೇರೆ ಪ್ಯಾಕೇಜನ್ನು ಒತ್ತಿಬಿಡುವ ಸಾಧ್ಯತೆಯಿದೆ. ವೈದ್ಯರು ಬರೆದ ಚಿಕಿತ್ಸೆಯ ಹೆಸರೂ ಕಳುಹಿಸಿದ ಪ್ಯಾಕೇಜಿನ ಹೆಸರೂ ಒಂದೇ ಎಂದು ಪರದೆಯನ್ನು ನೋಡಿ ಕೇಳಿಕೊಳ್ಳಿರಿ.

ಪರಿಶೀಲಕರಿಗೆ ಸಂದೇಹ ಬಂದರೆ ಕಡತವನ್ನು ‘ಕ್ವೆರಿ’ ಹಾಕಿ ಹಿಂತಿರುಗಿಸುತ್ತಾರೆ. ಕ್ವೆರಿ ಬಂದರೆ ತಿರಸ್ಕಾರವಾಯಿತೆಂದು ಅರ್ಥವಲ್ಲ. ಒಂದು ವರದಿ ಸ್ಪಷ್ಟವಾಗಿಲ್ಲ, ಫಿಲ್ಮ್ ಬೇಕು, ವೈದ್ಯರ ಟಿಪ್ಪಣಿ ಬೇಕು ಎಂಬಂಥ ಮಾತುಗಳೇ ಹೆಚ್ಚು. ಆದರೆ ಅದಕ್ಕೆ ಆಸ್ಪತ್ರೆ ಉತ್ತರಿಸದೆ ಕುಳಿತರೆ ಕಡತ ಅಲ್ಲಿಯೇ ನಿಲ್ಲುತ್ತದೆ, ನಿಮಗೆ ಮಾತ್ರ ‘ನಿಮ್ಮ ರಾಜ್ಯದಿಂದ ಅಪ್ರೂವಲ್ ಬಂದಿಲ್ಲ’ ಎಂಬ ಉತ್ತರ ಸಿಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಇದು: ಕಡತ ಈಗ ಯಾರ ಬಳಿಯಿದೆ, ನಿಮ್ಮ ಬಳಿಯೋ ನಮ್ಮ ರಾಜ್ಯದ ಬಳಿಯೋ? ಪ್ರಕರಣದ ಸಂಖ್ಯೆಯನ್ನು ಬರೆದುಕೊಂಡು 14555ಕ್ಕೆ ಕರೆ ಮಾಡಿ ಅದೇ ಪ್ರಶ್ನೆಯನ್ನು ಕೇಳಿರಿ. ಎರಡೂ ಉತ್ತರಗಳು ಹೊಂದದಿದ್ದರೆ ದೋಷ ಎಲ್ಲಿದೆ ಎಂದು ಅಲ್ಲಿಯೇ ತಿಳಿಯುತ್ತದೆ.

ಚಿಕಿತ್ಸೆಯ ಸ್ವರೂಪ ನಡುವೆ ಬದಲಾದರೆ ಪರಿಷ್ಕೃತ ಅನುಮತಿ ಬೇಕು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಪ್ಯಾಕೇಜಿನಲ್ಲಿ, ಆ ರಕ್ತನಾಳದ ತಡೆಯನ್ನು ನೋಡುವ ಆಂಜಿಯೋಗ್ರಾಮ್ ಪರೀಕ್ಷೆಯೂ ಸೇರಿರುತ್ತದೆ. ಹಾಗಿದ್ದರೂ ಆಂಜಿಯೋಗ್ರಾಮನ್ನು ಮೊದಲು ನಗದಿನಲ್ಲಿ ಮಾಡಿಸಿ, ಅದೇ ಮೇಜಿನ ಮೇಲೆ ‘ಸ್ಟೆಂಟ್ ಹಾಕಬೇಕು, ಕೂಡಲೇ ಸಹಿ ಮಾಡಿ’ ಎಂದು ಕೇಳುವ ಸಂದರ್ಭ ಬರುತ್ತದೆ. ರೋಗಿಯ ಜೀವಕ್ಕೆ ತಕ್ಷಣದ ಅಪಾಯವಿದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಇದ್ದರೆ ತುರ್ತು ಪ್ರಕರಣವೆಂದು ಬರೆಯಲು ಹೇಳಿರಿ. ಇಲ್ಲದಿದ್ದರೆ ಅನುಮತಿಗೆ ಕಾಯಿರಿ.

## ತುರ್ತು ಸಂದರ್ಭದಲ್ಲಿ

ಅಪಘಾತ, ಹೃದಯಾಘಾತ, ಪಾರ್ಶ್ವವಾಯು ಆದಾಗ ಮೇಲಿನ ಹಂತಗಳಿಗಾಗಿ ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಮೊದಲು ಸೇರಿಸಿರಿ. ರೋಗಿಯ ಜೊತೆ ಒಬ್ಬರು ಇರಲಿ, ಇನ್ನೊಬ್ಬರು ಅದೇ ಹೊತ್ತಿಗೆ ಮಿತ್ರರ ಕೌಂಟರಿಗೆ ಹೋಗಿ ಆಧಾರ್ ಸಂಖ್ಯೆಯಿಂದ ಹೆಸರು ಹುಡುಕಿಸಲಿ. ಮುದ್ರಿತ ಕಾರ್ಡ್ ಕೈಯಲ್ಲಿಲ್ಲದಿದ್ದರೂ ಹೆಸರು ಗಣಕದಲ್ಲಿ ಸಿಗುತ್ತದೆ. ರೋಗಿ ಆಸ್ಪತ್ರೆಯಲ್ಲಿರುವಾಗಲೇ ಅವನನ್ನು ಯೋಜನೆಯಡಿ ನೋಂದಾಯಿಸಬೇಕು. ‘ಬಿಡುಗಡೆಯ ದಿನ ನೋಡೋಣ’ ಎಂಬ ಮಾತಿಗೆ ಒಪ್ಪಬಾರದು.

## ಹಂತ 7: ವಾರ್ಡಿನಲ್ಲಿರುವಾಗ

ಅನುಮತಿ ಬಂದ ಮೇಲೆ ಪ್ಯಾಕೇಜಿನೊಳಗಿನ ಔಷಧಿ, ಪರೀಕ್ಷೆ, ಶಸ್ತ್ರಚಿಕಿತ್ಸೆ, ಅಳವಡಿಸುವ ಸಾಧನ, ಸಾಮಾನ್ಯ ವಾರ್ಡಿನ ಹಾಸಿಗೆ, ರೋಗಿಯ ಊಟ ಇವಕ್ಕೆ ಪ್ರತ್ಯೇಕವಾಗಿ ಹಣ ಕೇಳುವಂತಿಲ್ಲ. ಹೊರಗಿನ ಅಂಗಡಿಯಿಂದ ಔಷಧಿ ತರುವಂತೆ ಚೀಟಿ ಕೊಟ್ಟರೆ ಅದನ್ನು ಮೊದಲು ಮಿತ್ರರಿಗೆ ತೋರಿಸಿರಿ. ತರಲೇಬೇಕಾಗಿ ಬಂದರೆ ಚೀಟಿಯನ್ನೂ ಬಿಲ್ಲನ್ನೂ ಕಾಯ್ದಿಟ್ಟುಕೊಳ್ಳಿರಿ.

ಎಚ್ಚರಿಕೆಯ ಚಿಹ್ನೆಗಳು: ‘ಸ್ವಲ್ಪ ಹೆಚ್ಚು ಕೊಟ್ಟರೆ ಒಳ್ಳೆಯ ಸ್ಟೆಂಟ್ ಹಾಕುತ್ತೇವೆ’ ಎಂಬ ಮಾತು, ರಸೀದಿಯಿಲ್ಲದೆ ಕೇಳುವ ಹಣ, ಬರೆಯದೆ ಬಿಟ್ಟ ಖಾಲಿ ಫಾರಮಿಗೆ ಸಹಿ, ಪ್ರತ್ಯೇಕ ಕೋಣೆಯ ಆಮಿಷ. ಕೊನೆಯದು ನಿರುಪದ್ರವಿಯಾಗಿ ಕಾಣುತ್ತದೆ, ಆದರೆ ಕೋಣೆ ಬದಲಿಸಿದವರನ್ನು ನಗದು ರೋಗಿಯೆಂದು ಪರಿಗಣಿಸಲು ಅದೇ ನೆಪವಾಗುತ್ತದೆ.

## ಹಂತ 8: ಬಿಡುಗಡೆಯ ದಿನ

ಬಿಡುಗಡೆಯ ಹೊತ್ತಿಗೆ ಮತ್ತೊಮ್ಮೆ ಗುರುತಿನ ದೃಢೀಕರಣ ನಡೆಯುತ್ತದೆ. ರೋಗಿಯನ್ನು ವಾಹನದಲ್ಲಿ ಕೂರಿಸಿ ಒಬ್ಬರೇ ಹೋಗಿ ಕಾಗದ ತರುವ ಯೋಚನೆ ಮಾಡಬೇಡಿರಿ. ಡಿಸ್ಚಾರ್ಜ್ ಸಾರಾಂಶ, ವರದಿಗಳ ಪ್ರತಿ, ಸ್ಟೆಂಟ್ ಅಥವಾ ಇತರ ಸಾಧನ ಹಾಕಿದ್ದರೆ ಅದರ ಸ್ಟಿಕ್ಕರಿನ ಪ್ರತಿ ಇವನ್ನು ಕೇಳಿ ಪಡೆಯಿರಿ. ಮೂಲ ಸ್ಟಿಕ್ಕರ್ ಆಸ್ಪತ್ರೆಯ ಬಿಲ್ಲಿನೊಂದಿಗೆ ಹೋಗುತ್ತದೆ. ಬಿಡುಗಡೆಯ ನಂತರದ 15 ದಿನಗಳ ಔಷಧಿಯೂ ಪ್ಯಾಕೇಜಿನಲ್ಲಿದೆ. ಇದನ್ನು ಕೇಳದೆ ಬರುವವರೇ ಹೆಚ್ಚು, ಕೇಳದಿದ್ದರೆ ಕೊಡದವರೂ ಇದ್ದಾರೆ.

ಅಭಿಪ್ರಾಯದ ಫಾರಮಿಗೆ ಸಹಿ ಮಾಡುವಾಗ ಅದರಲ್ಲಿ ‘ನಾನು ಯಾವ ಹಣವನ್ನೂ ಕೊಟ್ಟಿಲ್ಲ’ ಎಂಬ ಸಾಲಿದೆಯೇ ಎಂದು ಓದಿರಿ, ಬೇರೆ ಭಾಷೆಯಲ್ಲಿದ್ದರೆ ಓದಿಸಿರಿ. ಹಣ ಕೊಟ್ಟಿದ್ದರೆ ಆ ಸಾಲಿಗೆ ಸಹಿ ಮಾಡಬಾರದು. ಆಮೇಲೆ ಕೊಡುವ ದೂರನ್ನು ಅದೊಂದೇ ಸಹಿ ಬೀಳಿಸಿಬಿಡುತ್ತದೆ.

## ಹಂತ 9: ದೂರು ಕೊಡಬೇಕಾದಾಗ

ಮೊದಲು ಮಿತ್ರರಿಗೆ, ಬಳಿಕ 14555ಕ್ಕೆ, ಅನಂತರ ಯೋಜನೆಯ ಕೇಂದ್ರ ಕುಂದುಕೊರತೆ ಜಾಲತಾಣದಲ್ಲಿ ಲಿಖಿತವಾಗಿ ದೂರು ಸಲ್ಲಿಸಬೇಕು. ದೂರಿನಲ್ಲಿ ಕೋಪಕ್ಕಿಂತ ವಿವರಗಳಿರಲಿ: ಪ್ರಕರಣದ ಸಂಖ್ಯೆ, ದಾಖಲಾದ ದಿನಾಂಕ, ಕೇಳಿದ ಮೊತ್ತ, ರಸೀದಿಯ ಪ್ರತಿ. ಜಿಲ್ಲಾ ಮಟ್ಟದಲ್ಲಿಯೂ ರಾಜ್ಯ ಮಟ್ಟದಲ್ಲಿಯೂ ಕುಂದುಕೊರತೆ ಸಮಿತಿಗಳಿವೆ. ರೋಗಿ ಇನ್ನೂ ದಾಖಲಾಗಿರುವಾಗ ಕೊಟ್ಟ ದೂರಿಗೆ ಬೇಗ ಫಲ ಸಿಗುತ್ತದೆ ಎಂಬುದು ನನ್ನ ಅನುಭವ.

## ಕಾಸರಗೋಡಿನಿಂದ ಮಂಗಳೂರಿಗೆ ಬರುವವರಿಗೆ

ಗಡಿಯಲ್ಲಿರುವ ತಲಪಾಡಿ ದಾಟಿ ಬರುವವರಿಗೂ ಕ್ರಮ ಇದೇ, ದಿಕ್ಕು ಮಾತ್ರ ತಿರುಗುತ್ತದೆ. ಕೇರಳದಲ್ಲಿ ಯೋಜನೆಯ ಹೆಸರು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಜನರ ಬಾಯಲ್ಲಿ ಕಾಸ್ಪ್. ಅದರ ಕಾರ್ಡುದಾರರಲ್ಲಿ ಕೇಂದ್ರದ ಪಟ್ಟಿಗೆ ಸೇರಿದ ಕುಟುಂಬಗಳೂ ರಾಜ್ಯ ತಾನಾಗಿ ಸೇರಿಸಿಕೊಂಡ ಕುಟುಂಬಗಳೂ ಇವೆ. ನೀವು ಯಾವ ಪಟ್ಟಿಯಲ್ಲಿದ್ದೀರಿ ಮತ್ತು ನಿಮ್ಮ ಕಾರ್ಡ್ ಹೊರರಾಜ್ಯದಲ್ಲಿ ನಡೆಯುತ್ತದೆಯೇ ಎಂಬುದನ್ನು ಕೇರಳದ ದಿಶಾ ಸಹಾಯವಾಣಿ 1056 ಅಥವಾ 14555ರಲ್ಲಿ ಕೇಳಿಕೊಂಡೇ ಬಸ್ಸು ಹತ್ತಬೇಕು. ಹೆಸರಿನಲ್ಲಿ ಕಾರುಣ್ಯ ಎಂದಿರುವ ಕಾರುಣ್ಯ ಬೆನೆವೊಲೆಂಟ್ ಫಂಡ್ ಬೇರೆಯೇ ನೆರವು. ಅದನ್ನೂ ಕಾಸ್ಪನ್ನೂ ಒಂದೇ ಎಂದು ತಿಳಿಯಬಾರದು. ಮಂಗಳೂರಿನ ಆಸ್ಪತ್ರೆಯಲ್ಲಿ ಕನ್ನಡ, ತುಳುಗಳಲ್ಲಿ ಮಾತು ಸಲೀಸಾಗಿ ನಡೆಯುವುದರಿಂದ ಕಾಗದವೂ ಹಾಗೆಯೇ ನಡೆಯುತ್ತದೆಂದು ಭಾವಿಸಿ ಪೂರ್ವಾನುಮತಿಯ ಹಂತವನ್ನು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ಆ ಅನುಮತಿ ತಿರುವನಂತಪುರದ ಕಡೆಯಿಂದಲೇ ಬರಬೇಕು.

## ಮರುಭೇಟಿ

15 ದಿನಗಳ ನಂತರದ ಮರುಭೇಟಿ ಹೊರರೋಗಿ ತಪಾಸಣೆಯ ಲೆಕ್ಕಕ್ಕೆ ಬರುತ್ತದೆ, ಅದರ ಖರ್ಚು ನಿಮ್ಮದೇ. ಪ್ರತಿ ತಿಂಗಳೂ ಗಡಿ ದಾಟಿ ಹೋಗಬೇಕೇ, ಅಥವಾ ಅಲ್ಲಿನ ಡಿಸ್ಚಾರ್ಜ್ ಸಾರಾಂಶವನ್ನು ತೋರಿಸಿ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿಯೇ ರಕ್ತಪರೀಕ್ಷೆ, ಮಾತ್ರೆಗಳನ್ನು ಮುಂದುವರಿಸಬಹುದೇ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಬಿಡುಗಡೆಗೆ ಮೊದಲೇ ಕೇಳಿ, ಅವರ ಉತ್ತರವನ್ನು ಆ ಸಾರಾಂಶದ ಮೇಲೆಯೇ ಬರೆಸಿಕೊಂಡು ಬರಬೇಕು.